ಸೋಂಕು ಬರುವ ಮೊದಲೇ ಆಂಟಿಬಯಾಟಿಕ್: ಡಚ್ ಐಸಿಯುಗಳ ಒಂದು ಪ್ರಕರಣ ಅಧ್ಯಯನ

ರೋಗಿ ವೆಂಟಿಲೇಟರ್ ಮೇಲಿದ್ದಾರೆ. ಹೊಸ ಸೋಂಕಿನ ಲಕ್ಷಣ ಏನೂ ಇಲ್ಲ, ಕೀಟಾಣು ಬೆಳೆಸಿ ನೋಡುವ ಲ್ಯಾಬ್ ಪರೀಕ್ಷೆ, ಅಂದರೆ ಕಲ್ಚರ್‌ನಲ್ಲೂ ಏನೂ ಬೆಳೆದಿಲ್ಲ. ಆದರೂ ಐಸಿಯುಗೆ ಬಂದ ದಿನದಿಂದಲೇ ಅವರಿಗೆ ಮೂರು ಆಂಟಿಬಯಾಟಿಕ್, ಒಂದು ಫಂಗಸ್ ಔಷಧ ಶುರುವಾಗುತ್ತದೆ. ನಮ್ಮ ಕಡೆ ಯಾರಾದರೂ ಹೀಗೆ ಮಾಡಿದರೆ ಆಂಟಿಬಯಾಟಿಕ್ ದುರ್ಬಳಕೆ ಅನ್ನುತ್ತೇವೆ. ನೆದರ್‌ಲ್ಯಾಂಡ್ಸ್‌ನ ಬಹಳಷ್ಟು ಐಸಿಯುಗಳಲ್ಲಿ ಇದು ದಿನನಿತ್ಯದ ಪದ್ಧತಿ. ಆದರೆ ಯುರೋಪಿನಲ್ಲಿ ಅತಿ ಕಡಿಮೆ ಆಂಟಿಬಯಾಟಿಕ್ ಬಳಸುವ ದೇಶಗಳ ಸಾಲಿನಲ್ಲಿ ನೆದರ್‌ಲ್ಯಾಂಡ್ಸ್ ಕೂಡ ಇದೆ!

ಈ ಎರಡೂ ಒಟ್ಟಿಗೆ ಹೇಗೆ ನಿಜ? ಅದನ್ನು ಬಿಡಿಸಿ ನೋಡೋಣ ಅಂತ ಈ ಪ್ರಕರಣವನ್ನು ಆರಿಸಿಕೊಂಡಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮುಂಜಾಗ್ರತೆಯ ಆಂಟಿಬಯಾಟಿಕ್ ಒಳ್ಳೆಯದೋ ಕೆಟ್ಟದ್ದೋ ಎಂದು ಔಷಧವನ್ನು ಮಾತ್ರ ನೋಡಿ ಹೇಳಲು ಆಗುವುದಿಲ್ಲ. ಆ ವಾರ್ಡಿನಲ್ಲಿ ಆಗಲೇ ಯಾವ ಬ್ಯಾಕ್ಟೀರಿಯಾ ಮನೆ ಮಾಡಿಕೊಂಡಿವೆ ಅನ್ನುವುದನ್ನು ನೋಡಬೇಕು. ಈ ಪದ್ಧತಿ ಎಲ್ಲ ಕಡೆ ಹರಡುವುದಕ್ಕೆ ಎಷ್ಟೋ ವರ್ಷ ಮೊದಲೇ ಡಚ್ ಡಾಕ್ಟರುಗಳು ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾವನ್ನು ವಾರ್ಡಿನಿಂದ ದೂರ ಇಡುವ ಕೆಲಸ ಮಾಡಿಟ್ಟಿದ್ದರು.

ಟ್ಯೂಬ್ ಹಾಕಿದ ಮೇಲೆ

ಮೊದಲು ರೋಗದ ವಿಷಯ. ವೆಂಟಿಲೇಟರ್‌ಗೆ ಹಾಕುವಾಗ ಬಾಯಿಯ ಮೂಲಕ ಶ್ವಾಸನಾಳಕ್ಕೆ ಒಂದು ಟ್ಯೂಬ್ ಇಳಿಸುತ್ತಾರೆ. ಅದರ ತುದಿಯ ಹತ್ತಿರ ಗಾಳಿ ತುಂಬಿದ ಒಂದು ಕಫ್ ಇರುತ್ತದೆ. ಬಾಯಿಯ ಜೊಲ್ಲು ಕೆಳಗೆ ಇಳಿಯದಂತೆ ತಡೆಯುವುದು ಅದರ ಕೆಲಸಗಳಲ್ಲಿ ಒಂದು. ಪೂರ್ತಿ ತಡೆಯಲು ಅದಕ್ಕೆ ಆಗುವುದಿಲ್ಲ. ಕಫ್‌ನ ಮಡಿಕೆಗಳ ಸಂದಿಯಲ್ಲಿ ಜೊಲ್ಲು ಸ್ವಲ್ಪ ಸ್ವಲ್ಪವೇ ಶ್ವಾಸಕೋಶಕ್ಕೆ ಜಾರುತ್ತಲೇ ಇರುತ್ತದೆ. ಮಂಪರು ಬರಿಸುವ ಔಷಧ (ಸೆಡೇಷನ್) ಕೊಟ್ಟಿರುವುದರಿಂದ ರೋಗಿ ಕೆಮ್ಮಿ ಅದನ್ನು ಹೊರಹಾಕಲೂ ಆಗುವುದಿಲ್ಲ.

ಆರೋಗ್ಯವಂತರ ಬಾಯಲ್ಲೂ ಬ್ಯಾಕ್ಟೀರಿಯಾ ತುಂಬಾ ಇರುತ್ತವೆ. ಆದರೆ ಅವು ಹೆಚ್ಚಾಗಿ ಸಾಧು ಜಾತಿಯವು. ಕಾಯಿಲೆ ತೀವ್ರವಾದಾಗ ಕೆಲವೇ ದಿನಗಳಲ್ಲಿ ಚಿತ್ರ ಬದಲಾಗುತ್ತದೆ. ಕರುಳಿನಲ್ಲಿ, ಆಸ್ಪತ್ರೆಯ ಸಿಂಕಿನಲ್ಲಿ, ತೊಳೆಯದ ಕೈಗಳಲ್ಲಿ ಇರುವ ಗ್ರಾಮ್ ನೆಗೆಟಿವ್ ಎಂಬ ಗುಂಪಿನ ಬ್ಯಾಕ್ಟೀರಿಯಾ ಬಂದು ಬಾಯಿ, ಗಂಟಲಲ್ಲಿ ಕೂರುತ್ತವೆ. ಕ್ಲೆಬ್ಸಿಯೆಲ್ಲಾ, ಸ್ಯೂಡೋಮೋನಾಸ್, ಅಸಿನೆಟೋಬ್ಯಾಕ್ಟರ್ ಎಂಬ ಹೆಸರುಗಳನ್ನು ಐಸಿಯು ರಿಪೋರ್ಟ್‌ಗಳಲ್ಲಿ ಓದಿದವರಿಗೆ ಇವು ಗೊತ್ತಿರುತ್ತವೆ. ವೆಂಟಿಲೇಟರ್ ಹಾಕಿ 48 ಗಂಟೆ ಕಳೆದ ಮೇಲೆ ಬರುವ ನ್ಯುಮೋನಿಯಾವನ್ನು ಡಾಕ್ಟರುಗಳು 'ವ್ಯಾಪ್' ಅನ್ನುತ್ತಾರೆ. ಮೂಲ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದ ಮನುಷ್ಯ ಮತ್ತೆ ಕುಸಿಯಲು ಇದೊಂದು ದೊಡ್ಡ ಕಾರಣ. ವೆಂಟಿಲೇಟರ್ ದಿನಗಳು ಜಾಸ್ತಿಯಾಗುತ್ತವೆ, ಬಿಲ್ಲೂ ಜಾಸ್ತಿಯಾಗುತ್ತದೆ. ಕೆಲವರು ಉಳಿಯುವುದಿಲ್ಲ.

ಹಾಗಾದರೆ ಈ ಕೀಟಾಣುಗಳನ್ನು ಬಾಯಿ ಮತ್ತು ಹೊಟ್ಟೆಯಲ್ಲೇ ಮುಗಿಸಿಬಿಟ್ಟರೆ ಆಗುವುದಿಲ್ಲವೇ?

ಗ್ರೋನಿಂಗನ್‌ನಲ್ಲಿ ಹುಟ್ಟಿದ ಯೋಚನೆ

ಈ ಪ್ರಶ್ನೆಯ ಬೇರು ಇಲಿಗಳ ಮೇಲಿನ ಪ್ರಯೋಗದಲ್ಲಿದೆ. ಡಚ್ ವಿಜ್ಞಾನಿ ಡಿರ್ಕ್ ವಾನ್ ಡರ್ ವಾಯ್ 1971ರಲ್ಲಿ ಒಂದು ವಿಷಯ ತೋರಿಸಿದರು. ಸಾಮಾನ್ಯ ಇಲಿಯ ಕರುಳಿನಲ್ಲಿ ಹೊಸ ಬ್ಯಾಕ್ಟೀರಿಯಾ ನೆಲೆಯೂರಬೇಕಾದರೆ ಬಹಳ ದೊಡ್ಡ ಪ್ರಮಾಣದಲ್ಲಿ ಒಳಗೆ ಹೋಗಬೇಕು. ಆಂಟಿಬಯಾಟಿಕ್ ಕೊಟ್ಟು ಕರುಳನ್ನು ಬರಿದು ಮಾಡಿದ ಇಲಿಯಲ್ಲಿ ಸ್ವಲ್ಪವೇ ಸಾಕು. ಪೈರು ದಟ್ಟವಾಗಿರುವ ಗದ್ದೆಯಲ್ಲಿ ಕಳೆಗೆ ಜಾಗ ಸಿಗುವುದಿಲ್ಲ ಅಲ್ವಾ, ಹಾಗೆ. ಕರುಳಿನಲ್ಲಿ ಆ ಕಾವಲಿನ ಕೆಲಸ ಮಾಡುವುದು ಮುಖ್ಯವಾಗಿ ಆಮ್ಲಜನಕವಿಲ್ಲದೆ ಬದುಕುವ ಅನೇರೋಬ್ ಬ್ಯಾಕ್ಟೀರಿಯಾ.

ಇದರಿಂದ ಒಂದು ಚಿಕಿತ್ಸೆಯ ಯೋಚನೆ ಬಂತು. ಅನೇರೋಬ್‌ಗಳನ್ನು ಮುಟ್ಟಬಾರದು. ತೊಂದರೆ ಕೊಡುವ ಗ್ರಾಮ್ ನೆಗೆಟಿವ್ ಬ್ಯಾಕ್ಟೀರಿಯಾ ಮತ್ತು ಫಂಗಸ್ ಮಾತ್ರ ಹೋಗಬೇಕು. ಔಷಧ ಕರುಳಿನಿಂದ ರಕ್ತಕ್ಕೆ ಹೀರಿಕೊಳ್ಳಬಾರದು, ಅಲ್ಲೇ ಇದ್ದು ಕೆಲಸ ಮಾಡಬೇಕು. ಮೊದಲು ಇದನ್ನು ಲ್ಯುಕೇಮಿಯಾದಂಥ ಕಾಯಿಲೆಯಿಂದ ಬಿಳಿ ರಕ್ತಕಣ ಕುಸಿದ ರೋಗಿಗಳಿಗೆ ಬಳಸಿದರು. 1980ರ ದಶಕದ ಆರಂಭದಲ್ಲಿ ಗ್ರೋನಿಂಗನ್‌ನ ಐಸಿಯು ಡಾಕ್ಟರ್ ಕ್ರಿಸ್ ಸ್ಟೌಟೆನ್‌ಬೀಕ್ ಮತ್ತು ಅವರ ಜೊತೆಗಾರರು ಅದನ್ನು ಅಪಘಾತದ ರೋಗಿಗಳಿಗೆ ತಂದರು. 1984ರಲ್ಲಿ ಅವರ ವರದಿ ಬಂತು. ಹಿಂದೆ ಈ ಚಿಕಿತ್ಸೆ ಇಲ್ಲದೆ ನೋಡಿಕೊಂಡ 59 ರೋಗಿಗಳಲ್ಲಿ 81% ಜನರಿಗೆ ಸೋಂಕು ಬಂದಿತ್ತು. ಚಿಕಿತ್ಸೆ ಪಡೆದ 63 ಜನರಲ್ಲಿ ಅದು 16%ಕ್ಕೆ ಇಳಿದಿತ್ತು.

ಇಷ್ಟು ದೊಡ್ಡ ವ್ಯತ್ಯಾಸ ಕಂಡಾಗ ಖುಷಿಗಿಂತ ಮೊದಲು ಅನುಮಾನ ಬರಬೇಕು. ಇಲ್ಲಿ ಹೋಲಿಸಿದ್ದು ಹಳೆಯ ರೋಗಿಗಳ ಜೊತೆ. ಆ ಹೊತ್ತಿಗೆ ಐಸಿಯುನಲ್ಲಿ ಬೇರೆ ಎಷ್ಟೋ ವಿಷಯ ಸುಧಾರಿಸಿರಬಹುದು. ಅನುಮಾನಪಟ್ಟವರು ಬಹಳ ಜನ ಇದ್ದರು. ಅವರ ದೊಡ್ಡ ಭಯ ಇನ್ನೊಂದು: ಐಸಿಯುನಲ್ಲಿ ಎಲ್ಲರಿಗೂ ಆಂಟಿಬಯಾಟಿಕ್ ಸುರಿದರೆ ಯಾವುದಕ್ಕೂ ಬಗ್ಗದ ಬ್ಯಾಕ್ಟೀರಿಯಾ ಹುಟ್ಟಿಕೊಳ್ಳುವುದಿಲ್ಲವೇ? ಈ ಭಯದಿಂದಲೇ ಹಲವು ದೇಶಗಳು ಎರಡು ದಶಕ ಇದರ ಹತ್ತಿರ ಸುಳಿಯಲಿಲ್ಲ. ಭಯ ಸರಿಯಾಗಿಯೇ ಇತ್ತು. ಉತ್ತರ ಹುಡುಕುವ ಕೆಲಸ ಮಾತ್ರ ನಿಧಾನವಾಯಿತು.

ಚಿಕಿತ್ಸೆಯ ಪೂರ್ತಿ ಹೆಸರು ಸೆಲೆಕ್ಟಿವ್ ಡೈಜೆಸ್ಟಿವ್ ಡಿಕಂಟಾಮಿನೇಷನ್, ಚಿಕ್ಕದಾಗಿ ಎಸ್‌ಡಿಡಿ. 2003ರಲ್ಲಿ ಆಮ್‌ಸ್ಟರ್‌ಡಾಮ್‌ನ ಒಂದು ದೊಡ್ಡ ವಿಶ್ವವಿದ್ಯಾಲಯ ಆಸ್ಪತ್ರೆಯ ಅಧ್ಯಯನ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂತು. 934 ರೋಗಿಗಳು. ಅವರು ಮಾಡಿದ ಒಂದು ಜಾಣ ಕೆಲಸ ನನಗೆ ತುಂಬಾ ಇಷ್ಟ. ಎಸ್‌ಡಿಡಿ ಕೊಡುವವರನ್ನು ಒಂದು ಘಟಕದಲ್ಲಿ, ಕೊಡದವರನ್ನು ಇನ್ನೊಂದು ಘಟಕದಲ್ಲಿ ಇಟ್ಟರು. ಯಾಕೆಂದರೆ ಪಕ್ಕದ ಹಾಸಿಗೆಯವರ ಬ್ಯಾಕ್ಟೀರಿಯಾ ಕಡಿಮೆಯಾದರೆ ಅದರ ಲಾಭ ಈ ಹಾಸಿಗೆಗೂ ಸಿಗುತ್ತದೆ. ಇಬ್ಬರನ್ನೂ ಒಂದೇ ಕೋಣೆಯಲ್ಲಿಟ್ಟರೆ ವ್ಯತ್ಯಾಸ ಮಸುಕಾಗುತ್ತದೆ. ಫಲಿತಾಂಶ: ಐಸಿಯುನಲ್ಲಿ ಸಾವು ಎಸ್‌ಡಿಡಿ ಗುಂಪಿನಲ್ಲಿ 15%, ಇನ್ನೊಂದರಲ್ಲಿ 23%. ಔಷಧಕ್ಕೆ ಬಗ್ಗದ ಗ್ರಾಮ್ ನೆಗೆಟಿವ್ ಬ್ಯಾಕ್ಟೀರಿಯಾ ಮೈಯಲ್ಲಿ ಸೇರಿಕೊಂಡವರು ಎಸ್‌ಡಿಡಿ ಗುಂಪಿನಲ್ಲಿ 16%, ಇನ್ನೊಂದರಲ್ಲಿ 26%. ರೆಸಿಸ್ಟೆನ್ಸ್, ಅಂದರೆ ಔಷಧಕ್ಕೆ ಬಗ್ಗದ ಗುಣ, ಹೆಚ್ಚುತ್ತದೆ ಎಂದು ಹೆದರಿದ್ದರು. ಅದು ಕಡಿಮೆಯೇ ಆಗಿತ್ತು.

ಆದರೆ ಇದು ಒಂದೇ ಆಸ್ಪತ್ರೆಯ ಕಥೆ. ದೇಶದ ಮಟ್ಟದಲ್ಲಿ ನೋಡಲೇಬೇಕಾಯಿತು.

13 ಐಸಿಯು, 5939 ರೋಗಿಗಳು

2004ರ ಮೇ ತಿಂಗಳಿಂದ 2006ರ ಜುಲೈವರೆಗೆ ನೆದರ್‌ಲ್ಯಾಂಡ್ಸ್‌ನ 13 ಐಸಿಯುಗಳು ಒಟ್ಟಾಗಿ ಒಂದು ಟ್ರಯಲ್ ನಡೆಸಿದವು. ಪ್ರತಿ ಐಸಿಯು ಆರು ತಿಂಗಳು ಎಸ್‌ಡಿಡಿ, ಆರು ತಿಂಗಳು ಬಾಯಿಗೆ ಮಾತ್ರ ಔಷಧ, ಇನ್ನಾರು ತಿಂಗಳು ಮಾಮೂಲಿ ಆರೈಕೆ ಕೊಡಬೇಕು. ಯಾವುದು ಮೊದಲು ಅನ್ನುವುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಲಾಯಿತು. ಎರಡು ದಿನಕ್ಕಿಂತ ಜಾಸ್ತಿ ವೆಂಟಿಲೇಟರ್ ಬೇಕಾಗಬಹುದು ಅಥವಾ ಮೂರು ದಿನಕ್ಕಿಂತ ಜಾಸ್ತಿ ಐಸಿಯುನಲ್ಲಿ ಇರಬಹುದು ಅನ್ನಿಸಿದವರನ್ನು ಸೇರಿಸಿಕೊಂಡರು.

ಚಿಕಿತ್ಸೆ ಏನು ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. 'ಮುಂಜಾಗ್ರತೆಗೆ ಆಂಟಿಬಯಾಟಿಕ್' ಅಂದ ತಕ್ಷಣ ನಮ್ಮ ಕಣ್ಣಿಗೆ ಬರುವುದು ಡ್ರಿಪ್‌ನಲ್ಲಿ ಹೋಗುವ ಬಾಟಲಿ. ಇಲ್ಲಿ ಕೆಲಸದ ಬಹುಪಾಲು ನಡೆಯುವುದು ಬೆರಳ ತುದಿಯಲ್ಲಿ. ಕೊಲಿಸ್ಟಿನ್, ಟೋಬ್ರಾಮೈಸಿನ್, ಆಂಫೋಟೆರಿಸಿನ್ ಬಿ, ಈ ಮೂರೂ ತಲಾ 2% ಇರುವ ಒಂದು ಪೇಸ್ಟ್. ನರ್ಸ್ ಅದರಲ್ಲಿ ಅರ್ಧ ಗ್ರಾಂ ತೆಗೆದುಕೊಂಡು ರೋಗಿಯ ಕೆನ್ನೆಯ ಒಳಬದಿಗೆ, ಗಂಟಲಿಗೆ ಹಚ್ಚುತ್ತಾರೆ. ದಿನಕ್ಕೆ ನಾಲ್ಕು ಸಲ. ಅದೇ ಮೂರು ಔಷಧಗಳ 10 ಮಿಲಿ ದ್ರವವನ್ನು ಮೂಗಿನ ಟ್ಯೂಬ್‌ನಿಂದ ಹೊಟ್ಟೆಗೆ ಹಾಕುತ್ತಾರೆ. ಅದರಲ್ಲಿ 100 ಮಿಲಿಗ್ರಾಂ ಕೊಲಿಸ್ಟಿನ್, 80 ಮಿಲಿಗ್ರಾಂ ಟೋಬ್ರಾಮೈಸಿನ್, 500 ಮಿಲಿಗ್ರಾಂ ಆಂಫೋಟೆರಿಸಿನ್. ಇದೂ ದಿನಕ್ಕೆ ನಾಲ್ಕು ಸಲ. ರಕ್ತಕ್ಕೆ ಹೋಗುವ ಆಂಟಿಬಯಾಟಿಕ್ ಒಂದೇ: ಸೆಫೊಟಾಕ್ಸಿಮ್, ಅದೂ ಮೊದಲ ನಾಲ್ಕು ದಿನ ಮಾತ್ರ. ರೋಗಿ ಬರುವಾಗಲೇ ಹೊತ್ತು ತಂದ ಕೀಟಾಣುಗಳಿಗಾಗಿ ಅದು. ನಾಲ್ಕನೇ ದಿನ ಮುಗಿದರೆ ನಿಲ್ಲಿಸಲೇಬೇಕು.

ಜೊತೆಗೆ ಇನ್ನೆರಡು ನಿಯಮ. ವಾರಕ್ಕೆ ಎರಡು ಸಲ ಗಂಟಲು, ಗುದದ್ವಾರದ ಸ್ವಾಬ್ ತೆಗೆದು ಕಲ್ಚರ್‌ಗೆ ಕಳಿಸಬೇಕು, ಸೋಂಕು ಇಲ್ಲದಿದ್ದರೂ. ಬಗ್ಗದ ಬ್ಯಾಕ್ಟೀರಿಯಾ ತಲೆ ಎತ್ತುತ್ತಿದೆಯೇ ಅಂತ ನೋಡುವ ದಾರಿ ಅದು. ಎರಡನೆಯದು, ಅನೇರೋಬ್‌ಗಳನ್ನು ಕೊಲ್ಲುವ ಪೆನಿಸಿಲಿನ್, ಅಮಾಕ್ಸಿಸಿಲಿನ್, ಕಾರ್ಬಪೆನೆಮ್ ಥರದ ಔಷಧಗಳನ್ನು ಆದಷ್ಟು ದೂರ ಇಡಬೇಕು. ಪೈರನ್ನು ಉಳಿಸುವ ಆ ಹಳೆಯ ತತ್ವ ಇಲ್ಲೂ ಬಿಟ್ಟಿಲ್ಲ.

2009ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಫಲಿತಾಂಶ ಬಂತು. 28ನೇ ದಿನಕ್ಕೆ ಸತ್ತವರ ಪ್ರಮಾಣ ಹೀಗಿತ್ತು: ಮಾಮೂಲಿ ಆರೈಕೆಯಲ್ಲಿ 27.5%, ಬಾಯಿಗೆ ಮಾತ್ರ ಔಷಧ ಕೊಟ್ಟಾಗ 26.6%, ಪೂರ್ತಿ ಎಸ್‌ಡಿಡಿಯಲ್ಲಿ 26.9%.

ಬರೀ ಇಷ್ಟೇ ನೋಡಿದರೆ ವ್ಯತ್ಯಾಸ ಇಲ್ಲವೇ ಇಲ್ಲ ಅನ್ನಿಸುತ್ತದೆ. ಆದರೆ ಮೂರು ಗುಂಪುಗಳು ಒಂದೇ ಥರ ಇರಲಿಲ್ಲ. ಔಷಧದ ಅವಧಿಗಳಲ್ಲಿ ಸೇರಿದವರು ಸ್ವಲ್ಪ ಹೆಚ್ಚು ವಯಸ್ಸಾದವರು, ಹೆಚ್ಚು ಕಾಯಿಲೆಯವರು. ಈ ತಿಂಗಳು ಏನು ಕೊಡುತ್ತಿದ್ದೇವೆ ಅನ್ನುವುದು ಸಿಬ್ಬಂದಿಗೆ ಗೊತ್ತಿತ್ತು, ಆದ್ದರಿಂದ ಯಾರನ್ನು ಸೇರಿಸುವುದು ಅನ್ನುವುದರಲ್ಲಿ ಗೊತ್ತಿಲ್ಲದೆಯೇ ಏರುಪೇರು ಆಗಿರಬಹುದು. ಈ ವ್ಯತ್ಯಾಸಗಳನ್ನು ಲೆಕ್ಕದಲ್ಲಿ ಸರಿದೂಗಿಸಿದ ಮೇಲೆ ಎಸ್‌ಡಿಡಿಯಿಂದ ಸಾವು 3.5 ಶೇಕಡಾ ಅಂಶ, ಬಾಯಿಯ ಔಷಧದಿಂದ 2.9 ಅಂಶ ಕಡಿಮೆ ಎಂದು ಬಂತು. ಅಂದರೆ ಸುಮಾರು 29 ಜನರಿಗೆ ಎಸ್‌ಡಿಡಿ ಕೊಟ್ಟರೆ ಒಂದು ಜೀವ ಉಳಿಯುತ್ತದೆ. ಐಸಿಯು ಚಿಕಿತ್ಸೆಗಳಲ್ಲಿ ಇದು ಸಣ್ಣ ಲಾಭ ಅಲ್ಲ.

ನಾನು ಈ ಟ್ರಯಲ್ ಅನ್ನು ನಂಬುತ್ತೇನೆ, ಆದರೆ ಒಂದು ಎಚ್ಚರಿಕೆಯೊಂದಿಗೆ. ಲೆಕ್ಕ ಸರಿದೂಗಿಸಿದ ಮೇಲೆ ಮಾತ್ರ ಕಾಣುವ ಲಾಭ, ನೇರವಾಗಿ ಕಾಣುವ ಲಾಭಕ್ಕಿಂತ ಮೆತ್ತಗಿನದು. ಆಮ್‌ಸ್ಟರ್‌ಡಾಮ್‌ನ ಅಧ್ಯಯನ ಅದೇ ದಿಕ್ಕಿನಲ್ಲಿ ಇರುವುದರಿಂದ ಅದಕ್ಕೆ ಬಲ ಬರುತ್ತದೆ. ಮುಂದೆ ಡಚ್ಚರೇ 16 ಐಸಿಯುಗಳಲ್ಲಿ, ಸುಮಾರು 12,000 ರೋಗಿಗಳಲ್ಲಿ ಎಸ್‌ಡಿಡಿಯನ್ನೂ ಬಾಯಿಯ ಔಷಧವನ್ನೂ ಪರಸ್ಪರ ಹೋಲಿಸಿದರು. 2014ರಲ್ಲಿ ಮೊದಲು ಬಂದ ಫಲಿತಾಂಶದಲ್ಲಿ 28ನೇ ದಿನದ ಸಾವಿನಲ್ಲಿ ಖಚಿತ ವ್ಯತ್ಯಾಸ ಸಿಗಲಿಲ್ಲ. ಆದರೆ ಲೆಕ್ಕದಲ್ಲಿ ತಪ್ಪು ಸಿಕ್ಕಿ 2017ರಲ್ಲಿ ಆ ವರದಿಯನ್ನು ಹಿಂದಕ್ಕೆ ತೆಗೆದುಕೊಂಡು ಬದಲಿಸಿದರು. ತಿದ್ದಿದ ಲೆಕ್ಕದಲ್ಲಿ ಎಸ್‌ಡಿಡಿ ಕಡೆ ಸಾವು ಕಡಿಮೆ ಎಂದು ಬಂತು.

ಈ ಪ್ರಕರಣದಲ್ಲಿ ಜನ ಸಾಮಾನ್ಯವಾಗಿ ಎತ್ತದ ಒಂದು ಭಾಗ ಇದೆ. ಎಸ್‌ಡಿಡಿ ಅವಧಿ ಮುಗಿದು ಔಷಧ ನಿಲ್ಲಿಸಿದ ಮೇಲೆ ಏನಾಯಿತು? ಅದೇ ಐಸಿಯುಗಳಲ್ಲಿ ತಿಂಗಳಿಗೊಮ್ಮೆ ಎಲ್ಲ ರೋಗಿಗಳ ಸ್ವಾಬ್ ತೆಗೆದು ನೋಡಿದ್ದರು. ಸೆಫ್ಟಾಜಿಡಿಮ್ ಎಂಬ ಆಂಟಿಬಯಾಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ಕರುಳಿನಲ್ಲಿ ಇದ್ದವರು ಎಸ್‌ಡಿಡಿ ನಡೆಯುವಾಗ 5% ಇದ್ದರು. ನಿಲ್ಲಿಸಿದ ಮೇಲೆ ಅದು 15% ಆಯಿತು. ಔಷಧ ಇರುವವರೆಗೆ ಅದುಮಿಟ್ಟಿದ್ದು ಆಮೇಲೆ ಪುಟಿದೆದ್ದಿತು. 'ರೆಸಿಸ್ಟೆನ್ಸ್ ಹೆಚ್ಚಲಿಲ್ಲ' ಅನ್ನುವ ಮಾತನ್ನು ಹೇಳುವವರು ಇದನ್ನೂ ಜೊತೆಗೇ ಹೇಳಬೇಕು. ಲಾಭ ಪಡೆಯುವವರು ಇವತ್ತಿನ ರೋಗಿ. ಬೆಲೆ ತೆರಬೇಕಾದವರು ನಾಳೆ ಅದೇ ಹಾಸಿಗೆಗೆ ಬರುವವರು ಆಗಬಹುದು. ಈ ಪ್ರಶ್ನೆಯಲ್ಲಿ ನನಗೆ ಎಲ್ಲಕ್ಕಿಂತ ಕಷ್ಟ ಅನ್ನಿಸುವುದು ಇದೇ.

ಆ ದೇಶದಲ್ಲೇ ಯಾಕೆ

ಎಸ್‌ಡಿಡಿ ಎಲ್ಲ ಕಡೆ ಹರಡುವ ಮೊದಲೇ ನೆದರ್‌ಲ್ಯಾಂಡ್ಸ್‌ನ ಆಸ್ಪತ್ರೆಗಳು ಒಂದು ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಎಂಆರ್‌ಎಸ್‌ಎ ಎಂಬ ಬಗ್ಗದ ಬ್ಯಾಕ್ಟೀರಿಯಾವನ್ನು ಹುಡುಕಿ ಹೊರಹಾಕುವುದು ಅವರ ರಾಷ್ಟ್ರೀಯ ನೀತಿ. ಬೇರೆ ದೇಶದ ಆಸ್ಪತ್ರೆಯಲ್ಲಿ ಇದ್ದು ಬಂದವರನ್ನು ಸ್ವಾಬ್ ರಿಪೋರ್ಟ್ ಬರುವವರೆಗೆ ಬೇರೆ ಕೋಣೆಯಲ್ಲಿ ಇಡುತ್ತಾರೆ. ಹಂದಿ ಸಾಕುವ ರೈತರು ಅಡ್ಮಿಟ್ ಆದರೂ ಅದೇ ನಿಯಮ. ಯಾಕೆಂದರೆ ಹಂದಿಗಳಲ್ಲಿ ಆ ಬ್ಯಾಕ್ಟೀರಿಯಾ ಇರುತ್ತದೆ ಎಂದು ಅಲ್ಲಿ ಗೊತ್ತಾಗಿದೆ. ಎಸ್‌ಡಿಡಿಯ ಔಷಧಗಳು ಎಂಆರ್‌ಎಸ್‌ಎಯನ್ನೂ ಎಂಟೆರೋಕಾಕಸ್ ಜಾತಿಯನ್ನೂ ಮುಟ್ಟುವುದಿಲ್ಲ. ಉಳಿದವು ಖಾಲಿಯಾದರೆ ಆ ಜಾಗಕ್ಕೆ ಇವು ಬಂದು ಕೂರಬಹುದು. ನೆದರ್‌ಲ್ಯಾಂಡ್ಸ್‌ನಲ್ಲಿ ಹಾಗೆ ಬಂದು ಕೂರಲು ಎಂಆರ್‌ಎಸ್‌ಎ ಹೆಚ್ಚು ಇರಲೇ ಇಲ್ಲ. ಆ ಭಾಗ್ಯ ತಾನಾಗಿ ಬಂದದ್ದಲ್ಲ, ದಶಕಗಳ ಕೆಲಸದಿಂದ ಬಂದದ್ದು.

ಹಾಗಾದರೆ ಬಗ್ಗದ ಬ್ಯಾಕ್ಟೀರಿಯಾ ಜಾಸ್ತಿ ಇರುವ ಕಡೆ? ಬೆಲ್ಜಿಯಂ, ಸ್ಪೇನ್, ಪೋರ್ಚುಗಲ್, ಇಟಲಿ, ಸ್ಲೊವೇನಿಯಾ, ಬ್ರಿಟನ್ ಈ ಆರು ದೇಶಗಳ 13 ಐಸಿಯುಗಳಲ್ಲಿ 8665 ರೋಗಿಗಳ ಮೇಲೆ ಅದನ್ನೂ ನೋಡಿದರು. 2018ರಲ್ಲಿ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಹಲವು ಔಷಧಗಳಿಗೆ ಬಗ್ಗದ ಗ್ರಾಮ್ ನೆಗೆಟಿವ್ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆಯೇ ಅನ್ನುವುದು ಅವರ ಮುಖ್ಯ ಪ್ರಶ್ನೆ. ಔಷಧ ಶುರುವಾಗುವ ಮೊದಲಿನ ಅವಧಿಯಲ್ಲಿ 2.1%, ಎಸ್‌ಡಿಡಿಯಲ್ಲಿ 1.2%. ಆದರೆ ಈ ಇಳಿಕೆ ಕಾಕತಾಳೀಯ ಅಲ್ಲ ಎಂದು ಖಚಿತವಾಗಿ ಹೇಳಲು ಆಗಲಿಲ್ಲ. ಸಾವಿನಲ್ಲೂ ಲಾಭ ಕಾಣಲಿಲ್ಲ. ಈ ಅಧ್ಯಯನದಲ್ಲಿ ರಕ್ತಕ್ಕೆ ಹೋಗುವ ನಾಲ್ಕು ದಿನದ ಆಂಟಿಬಯಾಟಿಕ್ ಇರಲಿಲ್ಲ ಅನ್ನುವುದನ್ನು ಎಸ್‌ಡಿಡಿ ಪರವಾದವರು ಎತ್ತಿ ತೋರಿಸುತ್ತಾರೆ. ಅದು ನ್ಯಾಯವಾದ ಮಾತೇ.

ಆಸ್ಟ್ರೇಲಿಯಾದ 19 ಐಸಿಯುಗಳ ಟ್ರಯಲ್‌ನಲ್ಲಿ ಆ ನಾಲ್ಕು ದಿನದ ಭಾಗವೂ ಇತ್ತು. 5982 ವೆಂಟಿಲೇಟರ್ ರೋಗಿಗಳು, 2022ರಲ್ಲಿ ಫಲಿತಾಂಶ. ಆಸ್ಪತ್ರೆಯಲ್ಲಿ ಸಾವು 27.0% ಮತ್ತು 29.1%. ಎಸ್‌ಡಿಡಿ ಕಡೆ ಕಡಿಮೆ, ಆದರೆ ಖಚಿತ ಎನ್ನುವಷ್ಟಲ್ಲ. ಬಗ್ಗದ ಬ್ಯಾಕ್ಟೀರಿಯಾ ಹೊಸದಾಗಿ ಸಿಕ್ಕಿದ್ದು 23.1% ಮತ್ತು 34.6%. ಕೆನಡಾವನ್ನೂ ಸೇರಿಸಿಕೊಂಡು ಮುಂದುವರಿದ ಟ್ರಯಲ್ 2025ರಲ್ಲಿ ಬಂತು. ಅಲ್ಲೂ ಸಾವಿನ ಲಾಭ ಸಾಬೀತಾಗಲಿಲ್ಲ. ಎಲ್ಲ ಹಳೆಯ ಟ್ರಯಲ್‌ಗಳನ್ನೂ ಒಟ್ಟು ಮಾಡಿ 2022ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ ಸಾವು ಕಡಿಮೆಯಾಗುತ್ತದೆ ಎಂದೇ ಬಂದಿತ್ತು. ಹೀಗಾಗಿ ತಜ್ಞರಲ್ಲಿ ಇನ್ನೂ ಎರಡು ಪಕ್ಷ ಇವೆ. ಅಮೆರಿಕದ ಸೋಂಕು ತಡೆ ಮಾರ್ಗಸೂಚಿ 2022ರಲ್ಲಿ ಹೇಳಿದ್ದು ಇಷ್ಟು: ಬಗ್ಗದ ಬ್ಯಾಕ್ಟೀರಿಯಾ ಕಡಿಮೆ ಇರುವ ಕಡೆ ಇದನ್ನು ಹೆಚ್ಚುವರಿ ಕ್ರಮವಾಗಿ ಪರಿಗಣಿಸಬಹುದು.

ನಮ್ಮ ಐಸಿಯುಗೆ ತಂದರೆ

ಈಗ ನಮ್ಮ ಕಡೆ ಬರೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ದೇಶದ ದೊಡ್ಡ ಆಸ್ಪತ್ರೆಗಳಿಂದ ಬ್ಯಾಕ್ಟೀರಿಯಾ ಮಾಹಿತಿ ಕಲೆಹಾಕಿ ವರ್ಷವರ್ಷ ಪ್ರಕಟಿಸುತ್ತದೆ. ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ಮಾದರಿಗಳಲ್ಲಿ ಇಮಿಪೆನೆಮ್‌ಗೆ ಬಗ್ಗುವವು 2016ರಲ್ಲಿ 65% ಇದ್ದವು. 2020ರಲ್ಲಿ 45%. ಇಮಿಪೆನೆಮ್ ಅಂದರೆ ಕಾರ್ಬಪೆನೆಮ್ ಗುಂಪಿನ ಔಷಧ. ವಾರ್ಡಿನಲ್ಲಿ 'ಹೈಯರ್ ಆಂಟಿಬಯಾಟಿಕ್' ಅನ್ನುವ ಮಾತು ಕೇಳಿದ್ದರೆ ಅದರಲ್ಲಿ ಬಹುಶಃ ಈ ಗುಂಪೂ ಇತ್ತು. ಅಸಿನೆಟೋಬ್ಯಾಕ್ಟರ್ ವಿಷಯದಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟದು. ಅದರ ಬಹುಪಾಲು ಮಾದರಿಗಳು ಕಾರ್ಬಪೆನೆಮ್‌ಗೆ ಬಗ್ಗುವುದೇ ಇಲ್ಲ.

ಅಂಥ ಬ್ಯಾಕ್ಟೀರಿಯಾ ಸಿಕ್ಕಾಗ ನಮ್ಮ ಡಾಕ್ಟರುಗಳ ಕೈಯಲ್ಲಿ ಉಳಿಯುವ ಕೆಲವೇ ಔಷಧಗಳಲ್ಲಿ ಕೊಲಿಸ್ಟಿನ್ ಒಂದು. ಕಿಡ್ನಿಗೆ ತೊಂದರೆ ಕೊಡುತ್ತದೆ ಎಂದು ಗೊತ್ತಿದ್ದೂ ಕೊಡುತ್ತಾರೆ, ಬೇರೆ ದಾರಿ ಇರುವುದಿಲ್ಲ. ಕೋಳಿ ಮತ್ತು ಇತರ ಸಾಕು ಪ್ರಾಣಿಗಳ ಆಹಾರದಲ್ಲಿ ಕೊಲಿಸ್ಟಿನ್ ಹಾಕುವುದನ್ನು ಭಾರತ ಸರ್ಕಾರ 2019ರಲ್ಲಿ ನಿಷೇಧಿಸಿದ್ದೂ ಈ ಔಷಧವನ್ನು ಉಳಿಸಿಕೊಳ್ಳಲಿಕ್ಕೇ. ಡಚ್ ನರ್ಸ್ ದಿನಕ್ಕೆ ನಾಲ್ಕು ಸಲ ರೋಗಿಯ ಕೆನ್ನೆಗೆ ಹಚ್ಚುವ ಪೇಸ್ಟಿನಲ್ಲಿರುವುದು ಅದೇ ಕೊಲಿಸ್ಟಿನ್. ಅವರಿಗೆ ಅದು ಪಕ್ಕಕ್ಕಿಟ್ಟ ಹಳೆಯ ಔಷಧ, ಸೋತರೂ ಹಿಂದೆ ಇನ್ನೆಷ್ಟೋ ಔಷಧಗಳಿವೆ. ಬೆಂಗಳೂರಿನ, ಹುಬ್ಬಳ್ಳಿಯ, ಮಂಗಳೂರಿನ ಐಸಿಯುಗಳಲ್ಲಿ ಅದರ ಹಿಂದೆ ಹೆಚ್ಚೇನೂ ಇಲ್ಲ. ಇಲ್ಲಿ ಎಲ್ಲ ವೆಂಟಿಲೇಟರ್ ರೋಗಿಗಳಿಗೂ ಅದನ್ನು ಮುಂಜಾಗ್ರತೆಯಾಗಿ ಕೊಡಲು ಶುರುಮಾಡಿ, ಕೊಲಿಸ್ಟಿನ್‌ಗೂ ಬಗ್ಗದ ಕ್ಲೆಬ್ಸಿಯೆಲ್ಲಾ ಹರಡಿದರೆ ಮುಂದಿನ ರೋಗಿಗೆ ಏನು ಕೊಡುವುದು? ಇದಕ್ಕೆ ಉತ್ತರ ಸಿಗುವವರೆಗೆ ಡಚ್ ಪದ್ಧತಿಯನ್ನು ಇಲ್ಲಿ ಹಾಗೇ ತರುವುದನ್ನು ನಾನು ಒಪ್ಪುವುದಿಲ್ಲ.

ಇನ್ನೊಂದು ವಿಷಯ ನನ್ನನ್ನು ಹೆಚ್ಚು ಕಾಡುತ್ತದೆ. ನಮ್ಮಲ್ಲಿ ಎಸ್‌ಡಿಡಿ ಕಾಣುವುದು ಅಪರೂಪ. ಆದರೆ 'ಕವರ್' ಇದೆ. 'ಒಂದು ಕವರ್ ಕೊಟ್ಟಿರೋಣ', 'ಸೇಫ್‌ಸೈಡ್‌ಗೆ ಇರಲಿ' ಎಂದು ಶುರುವಾಗುವ ಆಂಟಿಬಯಾಟಿಕ್. ಅದು ಸಾಮಾನ್ಯವಾಗಿ ಎಲ್ಲವನ್ನೂ ಕೊಲ್ಲುವ ದೊಡ್ಡ ಔಷಧ, ಕರುಳಿನ ಅನೇರೋಬ್‌ಗಳನ್ನೂ ಸೇರಿಸಿ. ಶುರುವಾದ ದಿನ ಕೇಸ್‌ಶೀಟ್‌ನಲ್ಲಿ ಇರುತ್ತದೆ, ನಿಲ್ಲಿಸುವ ದಿನ ಬಹಳ ಸಲ ಬರೆದೇ ಇರುವುದಿಲ್ಲ. ಎರಡನ್ನೂ ಕೊಡುವುದು ಸೋಂಕು ಬರುವ ಮೊದಲೇ, ಆದ್ದರಿಂದ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಒಳಗೆ ಅವು ತದ್ವಿರುದ್ಧ. ಡಚ್ ಪದ್ಧತಿ ಅನೇರೋಬ್‌ಗಳನ್ನು ಉಳಿಸಲು ಹೆಣಗಾಡುತ್ತದೆ, ರಕ್ತದ ಔಷಧವನ್ನು ನಾಲ್ಕನೇ ದಿನ ನಿಲ್ಲಿಸುತ್ತದೆ, ವಾರಕ್ಕೆ ಎರಡು ಸಲ ಕಲ್ಚರ್ ನೋಡುತ್ತದೆ. ಕವರ್‌ನಲ್ಲಿ ಈ ಮೂರೂ ಇರುವುದಿಲ್ಲ. 'ಹಾಲೆಂಡ್‌ನಲ್ಲೂ ಮೊದಲೇ ಕೊಡ್ತಾರೆ' ಎಂದು ಯಾರಾದರೂ ಹೇಳಿದರೆ ಈ ಮೂರು ವಿಷಯ ಕೇಳಿ.

ಇದು ಸುಮ್ನೆ ಡಾಕ್ಟರುಗಳ ಮೇಲೆ ಹಾಕುವ ತಪ್ಪೂ ಅಲ್ಲ. ಲ್ಯಾಬ್‌ನಿಂದ ಕಲ್ಚರ್ ರಿಪೋರ್ಟ್ ಬರುವುದು ತಡ. ನರ್ಸುಗಳ ಸಂಖ್ಯೆ ಕಡಿಮೆ. ಹೊರಗೆ ಕಾಯುತ್ತಿರುವ ಮನೆಯವರು 'ಏನಾದ್ರೂ ಮಾಡಿ ಡಾಕ್ಟ್ರೇ' ಎನ್ನುತ್ತಿರುತ್ತಾರೆ. ರೋಗಿ ರಾತ್ರಿ ಕುಸಿದರೆ 'ಆಂಟಿಬಯಾಟಿಕ್ ಯಾಕೆ ಕೊಡಲಿಲ್ಲ' ಅನ್ನುವ ಪ್ರಶ್ನೆ ಬರುತ್ತದೆ. 'ಯಾಕೆ ಕೊಟ್ಟಿರಿ' ಎಂದು ಕೇಳುವವರು ಕಡಿಮೆ. ಇಲ್ಲಿ ಮನೆಯವರು ಮಾಡಬಹುದಾದ ಒಂದು ಕೆಲಸ ಇದೆ. ಕೌನ್ಸೆಲಿಂಗ್‌ಗೆ ಕರೆದಾಗ ಜಗಳದ ದನಿಯಲ್ಲಿ ಅಲ್ಲದೆ ಕೇಳಬಹುದು: ಔಷಧ ಶುರುಮಾಡುವ ಮೊದಲು ಕಲ್ಚರ್ ಕಳಿಸಿದಿರಾ? ಯಾವ ಸೋಂಕಿಗೆ ಕೊಡುತ್ತಿದ್ದೀರಿ? ಯಾವ ದಿನ ಮತ್ತೆ ನೋಡಿ ನಿಲ್ಲಿಸುತ್ತೀರಿ? ಒಳ್ಳೆಯ ಡಾಕ್ಟರಿಗೆ ಈ ಪ್ರಶ್ನೆಗಳಿಂದ ಬೇಜಾರಾಗುವುದಿಲ್ಲ. ರೋಗಿಗೆ ಶಾಕ್ ಆಗಿ (ರಕ್ತದೊತ್ತಡ ಕುಸಿದು), ಸೆಪ್ಸಿಸ್, ಅಂದರೆ ಸೋಂಕಿನಿಂದ ಅಂಗಗಳೇ ಸೋಲುವ ಸ್ಥಿತಿಯ, ಅನುಮಾನ ಬಲವಾಗಿದ್ದರೆ ಆಂಟಿಬಯಾಟಿಕ್ ತಕ್ಷಣ ಬೇಕು, ಅದು ಚಿಕಿತ್ಸೆ. ಅಲ್ಲಿ ತಡ ಮಾಡಬಾರದು. ಆ ಸನ್ನಿವೇಶವನ್ನು ಈ ಚರ್ಚೆಗೆ ಬೆರೆಸುವುದು ಬೇಡ.

ಔಷಧ ಇಲ್ಲದೆ ಮಾಡುವ ಕೆಲಸಗಳೂ ಇವೆ. ಹಾಸಿಗೆಯ ತಲೆಭಾಗ 30ರಿಂದ 45 ಡಿಗ್ರಿ ಎತ್ತರಿಸುವುದು, ದಿನವೂ ಸೆಡೇಷನ್ ಕಡಿಮೆ ಮಾಡಿ ಟ್ಯೂಬ್ ತೆಗೆಯಬಹುದಾ ಅಂತ ನೋಡುವುದು, ಪ್ರತಿ ರೋಗಿಯ ನಡುವೆ ಕೈ ತೊಳೆಯುವುದು. ಹಿಂದೆ ಬಾಯಿಗೆ ಕೀಟಾಣುನಾಶಕ ಕ್ಲೋರ್‌ಹೆಕ್ಸಿಡಿನ್ ಹಚ್ಚುವುದು ಎಲ್ಲ ಕಡೆ ಇತ್ತು, ಈಗ ಆ ಸಲಹೆಯನ್ನು ಹಿಂದಕ್ಕೆ ತೆಗೆದುಕೊಂಡಿದ್ದಾರೆ. ಅದರ ಬದಲು ಬ್ರಷ್‌ನಿಂದ ಹಲ್ಲುಜ್ಜಿಸಿ ಅನ್ನುತ್ತಾರೆ. ವೆಂಟಿಲೇಟರ್ ರೋಗಿಗಳಿಗೆ ದಿನವೂ ಹಲ್ಲುಜ್ಜಿಸಿದರೆ ನ್ಯುಮೋನಿಯಾ ಕಡಿಮೆಯಾಗುತ್ತದೆ ಎಂದು ಹಲವು ಟ್ರಯಲ್‌ಗಳನ್ನು ಒಟ್ಟು ಮಾಡಿ ನೋಡಿದಾಗ ಕಂಡಿದೆ. ಒಂದು ಬ್ರಷ್‌ನ ಬೆಲೆ ಎಷ್ಟು?

ಒಂದೇ ಡೋಸ್‌ನ ದಾರಿ

ಡಚ್ ಪದ್ಧತಿ ಇಲ್ಲಿಗೆ ಹೊಂದದಿದ್ದರೂ ಪ್ರಶ್ನೆ ಅಲ್ಲಿಗೇ ಮುಗಿಯಲಿಲ್ಲ. ಫ್ರಾನ್ಸ್‌ನ ಡಾಕ್ಟರುಗಳು ಬೇರೆ ದಾರಿ ಹಿಡಿದರು. ಎಲ್ಲರಿಗೂ, ದಿನಗಟ್ಟಲೆ ಕೊಡುವುದು ಬೇಡ. ಅಪಾಯ ಯಾರಿಗೆ ಜಾಸ್ತಿ, ಯಾವ ಗಂಟೆಗಳಲ್ಲಿ ಜಾಸ್ತಿ ಎಂದು ನೋಡಿ ಅಲ್ಲಿಗೆ ಮಾತ್ರ ಕೊಡೋಣ. 2019ರ ಒಂದು ಟ್ರಯಲ್‌ನಲ್ಲಿ ಆಸ್ಪತ್ರೆಯ ಹೊರಗೆ ಹೃದಯ ನಿಂತು, ಮತ್ತೆ ಬಡಿಯುವಂತೆ ಮಾಡಿ, ದೇಹವನ್ನು ತಂಪಾಗಿಸಿದ ರೋಗಿಗಳಿಗೆ ಎರಡು ದಿನ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಕೊಟ್ಟರು. ಆರಂಭದ ದಿನಗಳ ನ್ಯುಮೋನಿಯಾ 34%ರಿಂದ 19%ಕ್ಕೆ ಇಳಿಯಿತು. ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. 2023ರ ಇನ್ನೊಂದರಲ್ಲಿ ಮೂರು ದಿನ ವೆಂಟಿಲೇಟರ್ ಆದವರಿಗೆ ಅಮಿಕಾಸಿನ್ ಅನ್ನು ಉಸಿರಿನ ಮೂಲಕವೇ ಮೂರು ದಿನ ಕೊಟ್ಟರು. ನ್ಯುಮೋನಿಯಾ 22%ರ ಬದಲು 15%.

ಕರ್ನಾಟಕದವರಾಗಿ ನಮಗೆ ಹತ್ತಿರವಾದದ್ದು 2024ರಲ್ಲಿ ಬಂದ ಮೂರನೆಯದು. ತಲೆಗೆ ಪೆಟ್ಟು ಬಿದ್ದು, ಅಥವಾ ಮೆದುಳಿನಲ್ಲಿ ರಕ್ತಸ್ರಾವ, ಸ್ಟ್ರೋಕ್ ಆಗಿ ಪ್ರಜ್ಞೆ ಕುಸಿದು ವೆಂಟಿಲೇಟರ್ ಬೇಕಾದವರು. ಅವರಿಗೆ ಟ್ಯೂಬ್ ಹಾಕಿದ 12 ಗಂಟೆಯೊಳಗೆ ಸೆಫ್ಟ್ರಿಯಾಕ್ಸೋನ್ 2 ಗ್ರಾಂ, ಒಂದೇ ಒಂದು ಡೋಸ್. 319 ರೋಗಿಗಳ ವಿಶ್ಲೇಷಣೆಯಲ್ಲಿ ಮೊದಲ ವಾರದ ನ್ಯುಮೋನಿಯಾ 32%ರಿಂದ 14%ಕ್ಕೆ ಇಳಿಯಿತು. ಪ್ರಜ್ಞೆ ತಪ್ಪುವ ಹೊತ್ತಿನಲ್ಲಿ ಬಾಯಲ್ಲಿದ್ದದ್ದು ಶ್ವಾಸಕೋಶಕ್ಕೆ ಜಾರಿರುತ್ತದೆ. ಆ ಒಂದು ಜಾರುವಿಕೆಗೆ ಒಂದು ಡೋಸ್, ಅಷ್ಟೇ.

ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾದವರು ನಮ್ಮ ಜಿಲ್ಲಾ ಆಸ್ಪತ್ರೆಗಳಿಗೂ ಬೆಂಗಳೂರಿನ ನಿಮ್ಹಾನ್ಸ್‌ಗೂ ದಿನವೂ ಬರುತ್ತಾರೆ. ಹೆಚ್ಚಿನವರು ದುಡಿಯುವ ವಯಸ್ಸಿನವರು. ಸೆಫ್ಟ್ರಿಯಾಕ್ಸೋನ್ ಇಲ್ಲಿ ಎಲ್ಲ ಕಡೆ ಸಿಗುತ್ತದೆ, ಅಗ್ಗವೂ ಹೌದು. ಹಾಗಾಗಿ ಈ ಟ್ರಯಲ್ ನನ್ನಲ್ಲಿ ನಿಜವಾದ ಆಸೆ ಹುಟ್ಟಿಸುತ್ತದೆ. ಆದರೆ ಫ್ರಾನ್ಸ್‌ನ ಆ ರೋಗಿಗಳ ಗಂಟಲಲ್ಲಿ ಇದ್ದದ್ದು ಹೆಚ್ಚಾಗಿ ಹೊರಗಿನ ಜೀವನದ ಬ್ಯಾಕ್ಟೀರಿಯಾ, ಸೆಫ್ಟ್ರಿಯಾಕ್ಸೋನ್‌ಗೆ ಬಗ್ಗುವಂಥವು. ನಮ್ಮ ಗಾಯಾಳು ಎರಡು ಆಸ್ಪತ್ರೆ ಸುತ್ತಿ ಮೂರನೆಯದಕ್ಕೆ ಬರುವಷ್ಟರಲ್ಲಿ ಗಂಟಲಲ್ಲಿ ಯಾವ ಬ್ಯಾಕ್ಟೀರಿಯಾ ಸೇರಿಕೊಂಡಿರುತ್ತದೆ? ಭಾರತದಲ್ಲಿ ಆಸ್ಪತ್ರೆಗೆ ಕಾಲಿಡದ ಜನರ ಕರುಳಿನಲ್ಲೂ ಸೆಫ್ಟ್ರಿಯಾಕ್ಸೋನ್‌ಗೆ ಬಗ್ಗದ ಇ ಕೊಲೈ ಸಾಮಾನ್ಯ. ಟ್ಯೂಬ್ ಹಾಕಿದ ಗಂಟೆಯಲ್ಲೇ ಒಂದು ಸ್ವಾಬ್ ತೆಗೆದು, ಮೊದಲ ವಾರ ಬಂದ ನ್ಯುಮೋನಿಯಾಗಳ ಕಲ್ಚರ್ ಜೊತೆ ಹೋಲಿಸಿ ನೋಡಿದರೆ ಇದು ಗೊತ್ತಾಗುತ್ತದೆ. ಲ್ಯಾಬ್ ಇರುವ ಯಾವ ಮೆಡಿಕಲ್ ಕಾಲೇಜಿನಲ್ಲೂ ಮಾಡಬಹುದಾದ ಕೆಲಸ. ಒಂದು ಡೋಸ್ ಸಾಕೇ, ಯಾವ ಔಷಧ, ಅಥವಾ ಏನೂ ಬೇಡವೇ ಎಂದು ನಮ್ಮ ಗಾಯಾಳುಗಳ ವಿಷಯದಲ್ಲಿ ಹೇಳಬೇಕಾದರೆ ಮೊದಲು ಆ ಸ್ವಾಬ್ ಬೇಕು.